ಮುಂಭಾರ, ಹಿಂಭಾರ: ಟ್ರ್ಯಾಕ್ಟರ್ ಕೊಂಡಿಯ ಲೆಕ್ಕ

ಶುಂಠಿ ಕೀಳುವ ಕಾಲ ಬಂದರೆ ಸರಗೂರು ಸೀಮೆಯಲ್ಲಿ ಟ್ರ್ಯಾಕ್ಟರ್‌ಗಳಿಗೆ ಬಿಡುವಿಲ್ಲ. 60 ಕೆ.ಜಿ. ತೂಗುವ ಮೂಟೆಗಳನ್ನು ಟ್ರೈಲರ್‌ಗೆ ಹೇರಿ, ಹೊಲದ ಕೆಸರಿನಿಂದ ನಾಲೆಯ ಏರಿ ಹತ್ತಿಸಿ, ಟಾರು ರಸ್ತೆ ಮುಟ್ಟಿಸಬೇಕು. ಆ ಏರಿ ಹತ್ತುವ ಕೆಲವೇ ಮಾರು ದೂರದಲ್ಲಿ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಹಗುರಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗುವುದಿಲ್ಲ. ಒಮ್ಮೊಮ್ಮೆ ಗಾಲಿ ನೆಲ ಬಿಟ್ಟೇ ಏಳುತ್ತದೆ. ಜನ ಆಗ ಡ್ರೈವರನ ಕೈ ಸರಿಯಿಲ್ಲ ಅನ್ನುತ್ತಾರೆ, ಇಲ್ಲವೇ ಲೋಡು ಜಾಸ್ತಿಯಾಯಿತು ಅನ್ನುತ್ತಾರೆ. ಲೋಡು ಎಷ್ಟಿದೆ ಅನ್ನುವುದರಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳಿವೆ: ಕೊಂಡಿಯ ಮೇಲೆ ಅದರಲ್ಲಿ ಎಷ್ಟು ಪಾಲು ಕೂತಿದೆ, ಆ ಕೊಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ.

ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತಿರುವ ವಿಷಯವೇ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಹುಲ್ಲೋ ಗೊಬ್ಬರವೋ ಹೇರಿದ ಮೇಲೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಎತ್ತು ಹೂಡುತ್ತಿದ್ದರು. ತಪ್ಪಾಗಿದ್ದರೆ ಎತ್ತು ಹೆಜ್ಜೆ ಇಡುವ ಮೊದಲೇ ತಿಳಿಸುತ್ತಿತ್ತು. ಟ್ರ್ಯಾಕ್ಟರ್ ಹಾಗೆ ಮೊದಲೇ ತಿಳಿಸುವುದಿಲ್ಲ. ಅದರ ಮುಂದಿನ ಅಚ್ಚಿಗೆ ಕಾರಿನಂತೆ ಸ್ಪ್ರಿಂಗ್ ಇರುವುದಿಲ್ಲವಾದ್ದರಿಂದ, ಮುಂದಿನ ಭಾರ ಅರ್ಧಕ್ಕೆ ಇಳಿದಿದ್ದರೂ ಮೂತಿ ಒಂದು ಅಂಗುಲವೂ ಎದ್ದಂತೆ ಕಾಣದು. ಆದ್ದರಿಂದ ಲೆಕ್ಕ ಹಾಕಲೇಬೇಕು.

ಒಂದು ಉದಾಹರಣೆ ಹಿಡಿಯೋಣ. ಟ್ರ್ಯಾಕ್ಟರ್ 2,000 ಕೆ.ಜಿ. ಇದೆ, ಅದರಲ್ಲಿ ಸುಮಾರು 760 ಕೆ.ಜಿ. ಮುಂದಿನ ಗಾಲಿಗಳ ಮೇಲೆ, ಮಿಕ್ಕದ್ದು ಹಿಂದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಆರೂವರೆ ಅಡಿ. ಕೊಂಡಿ ಹಿಂದಿನ ಅಚ್ಚಿನಿಂದ ಎರಡು ಅಡಿ ಆಚೆಗಿದೆ. ಎರಡು ಚಕ್ರದ ಟ್ರೈಲರ್‌ನ ಡಬ್ಬಿ 11 ಅಡಿ ಉದ್ದ, ಕೊಂಡಿಯಿಂದ ಅದರ ಅಚ್ಚಿಗೆ ಹತ್ತು ಅಡಿ. ಇಂಥ ಟ್ರೈಲರ್‌ಗಳ ಅಚ್ಚನ್ನು ಡಬ್ಬಿಯ ನಟ್ಟನಡುವೆ ಇಡದೆ ತುಸು ಹಿಂದಕ್ಕೆ ಇಟ್ಟಿರುತ್ತಾರೆ; ಇಲ್ಲಿ ಒಂದು ಅಡಿ ಎನ್ನೋಣ. ನಾಲ್ಕು ಟನ್ ಶುಂಠಿಯನ್ನು ಸಮವಾಗಿ ಹರಡಿದರೆ ಲೋಡಿನ ನಡು ಅಚ್ಚಿಗಿಂತ ಒಂದು ಅಡಿ ಮುಂದೆ ಬೀಳುತ್ತದೆ. ಹತ್ತು ಅಡಿಗೆ ಒಂದು ಅಡಿ, ಅಂದರೆ ಹತ್ತನೇ ಒಂದು ಪಾಲು, 400 ಕೆ.ಜಿ., ಕೊಂಡಿಯ ಮೇಲೆ ಕೂರುತ್ತದೆ.

ಈ 400 ಕೆ.ಜಿ. ಹಿಂದಿನ ಗಾಲಿಗಳನ್ನು ಒತ್ತುವುದಷ್ಟೇ ಅಲ್ಲದೆ, ಹಿಂದಿನ ಅಚ್ಚನ್ನೇ ಆಧಾರ ಮಾಡಿಕೊಂಡು ಮೂತಿಯನ್ನು ಮೇಲೆತ್ತುತ್ತದೆ. ಕೊಂಡಿಯ ಮೇಲಿನ ಪ್ರತಿ 100 ಕೆ.ಜಿ.ಗೆ ಮುಂದಿನ ಗಾಲಿಗಳು ಸುಮಾರು 31 ಕೆ.ಜಿ. ಕಳೆದುಕೊಳ್ಳುತ್ತವೆ. ಸಮತಟ್ಟು ನೆಲದಲ್ಲಿ ನಿಂತಿರುವಾಗ ಹೋಗುವುದು 120 ಕೆ.ಜಿ. ಚಿಲ್ಲರೆ. ಇದರಿಂದ ತೊಂದರೆಯಿಲ್ಲ. ಹಿಂದಿನ ಗಾಲಿಗೆ ಹಿಡಿತ ಸಿಗಬೇಕಾದರೆ ಇಷ್ಟು ಭಾರ ಬೇಕೂ ಬೇಕು.

ಇನ್ನು ಏರಿ ಹತ್ತೋಣ. ಹತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರು. ಟ್ರೈಲರ್‌ನ ಸ್ವಂತ ತೂಕ ಸೇರಿ ಐದು ಟನ್ ಎಳೆಯಲು, ಕೆಸರಿನ ತಡೆಯೂ ಕೂಡಿ, ಸುಮಾರು 650 ಕೆ.ಜಿ.ಯಷ್ಟು ಎಳೆತ ಬೇಕಾಗುತ್ತದೆ. ಈ ಎಳೆತ ಕೊಂಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಕೊಂಡಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಮುಂದಿನ ಗಾಲಿಯಿಂದ ಮತ್ತೆ 150 ಕೆ.ಜಿ. ಹೋಯಿತು. ಇಳಿಜಾರಿನಲ್ಲಿ ಟ್ರ್ಯಾಕ್ಟರ್‌ನ ಸ್ವಂತ ಭಾರವೂ ಹಿಂದಕ್ಕೆ ವಾಲುವುದರಿಂದ ಇನ್ನೊಂದು 70. ಒಟ್ಟು 340 ಕೆ.ಜಿ. ಕಳೆದು ಮುಂದೆ ಉಳಿಯುವುದು 420 ಕೆ.ಜಿ. ಸ್ಟೀರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್‌ನ ಖಾಲಿ ತೂಕದ ಐದನೇ ಒಂದು ಪಾಲಾದರೂ ಮುಂದಿನ ಅಚ್ಚಿನ ಮೇಲಿರಬೇಕೆಂಬುದು ಯುರೋಪಿನಲ್ಲಿ ಅನುಸರಿಸುವ ಅಳತೆ. ನಮ್ಮ ಟ್ರ್ಯಾಕ್ಟರ್‌ಗೆ ಅದು 400 ಕೆ.ಜಿ. ಅಂದರೆ ನಾವು ಅಂಚಿಗೆ ಬಂದು ನಿಂತಿದ್ದೇವೆ. ಈಗ ಐದೇ ಐದು ಮೂಟೆಗಳನ್ನು ಆರು ಅಡಿ ಮುಂದಕ್ಕೆ ಸರಿಸಿ ಹೇರಿದ್ದರೆ ಕೊಂಡಿಗೆ 180 ಕೆ.ಜಿ. ಹೆಚ್ಚಿ, ಮುಂದಿನ ಗಾಲಿಯಿಂದ ಇನ್ನೂ 55 ಕೆ.ಜಿ. ಹೋಗಿರುತ್ತಿತ್ತು. ಇದರ ಮೇಲೆ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಎಳೆತದ ಜರ್ಕಿಗೆ ಮೂತಿ ಎದ್ದೇ ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವುದು ಕೊಂಡಿಯ ಎತ್ತರ. ಅದೇ ಎಳೆತಕ್ಕೆ ಕೊಂಡಿಯನ್ನು ಒಂದು ಅಡಿ ಮೇಲೆ ಹಾಕಿದರೆ ಮುಂದಿನಿಂದ ಹೆಚ್ಚುವರಿ 100 ಕೆ.ಜಿ. ಹೋಗುತ್ತದೆ. ಹೂತ ಗಾಡಿ ಎಳೆಯಲೆಂದು ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಬಿಗಿಯುವುದನ್ನು ಹಳ್ಳಿಗಳಲ್ಲಿ ಈಗಲೂ ಕಾಣುತ್ತೇವೆ. ದಯವಿಟ್ಟು ಮಾಡಬೇಡಿ. ಹಿಂದಿನ ಅಚ್ಚಿಗಿಂತ ಮೇಲಿನ ಜಾಗದಿಂದ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರನ ಮೇಲೇ ಬೀಳುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಒಂದೆರಡು ಸೆಕೆಂಡು, ಇಳಿದು ಓಡಲು ಸಮಯ ಸಿಗದು. ಎಳೆಯುವ ಕೆಲಸವೆಲ್ಲ ಕೆಳಗಿನ ಡ್ರಾಬಾರ್‌ನಿಂದಲೇ ಆಗಬೇಕು.

ಹತ್ತಿಯ ಲೋಡಿನ ಸ್ವಭಾವ ಬೇರೆ. ಎಚ್.ಡಿ. ಕೋಟೆ, ಸರಗೂರು ಕಡೆಯ ಹತ್ತಿ ತೂಕದಲ್ಲಿ ಹಗುರ, ಆದರೆ ಎತ್ತರಕ್ಕೆ ಹೇರುತ್ತಾರೆ. ಲೋಡಿನ ನಡು ಕೊಂಡಿಗಿಂತ ನಾಲ್ಕು ಅಡಿ ಮೇಲಿದ್ದರೆ, ಅದೇ ಏರಿನಲ್ಲಿ ಅದು ಸುಮಾರು ಐದು ಅಂಗುಲ ಹಿಂದಕ್ಕೆ ವಾಲುತ್ತದೆ. ಕೊಂಡಿಯ ಭಾರ ನೂರಕ್ಕೆ 40ರಷ್ಟು ಇಳಿಯುತ್ತದೆ. ಹಿಂದುಗಡೆಗೇ ಹೆಚ್ಚು ಹೇರಿದ್ದರೆ ಟ್ರೈಲರ್ ಕೊಂಡಿಯನ್ನು ಮೇಲಕ್ಕೆತ್ತತೊಡಗಿ, ದೊಡ್ಡ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗುತ್ತವೆ. ಇಳಿಯುವಾಗ ಇದೇ ಭಾರ ಮುಂದಕ್ಕೆ ನುಗ್ಗುತ್ತದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ನಾಲ್ಕು ಚಕ್ರದ ಟ್ರೈಲರ್‌ಗಳು ಕೊಂಡಿಯ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಅಲ್ಲಿ ಕಷ್ಟವೆಲ್ಲ ಹಿಡಿತದ್ದು ಮತ್ತು ಬ್ರೇಕಿನದು.

ಮುಂದಿನ ಭಾರ ಕಡಿಮೆ ಬಿದ್ದರೆ ಬಂಪರ್ ಮುಂದೆ ಕಬ್ಬಿಣದ ತೂಕ ಹಾಕಿಸುವುದು ಒಳ್ಳೆಯ ದಾರಿ. ಮುಂದಿನ ಅಚ್ಚಿಗಿಂತ ಎರಡು ಅಡಿ ಆಚೆ 200 ಕೆ.ಜಿ. ಕೂರಿಸಿದರೆ ಮುಂದಿನ ಗಾಲಿಗೆ ಸಿಗುವುದು 260 ಕೆ.ಜಿ.; ಹೆಚ್ಚಿನ 60 ಹಿಂದಿನಿಂದ ಬರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ಮಿತಿ ದಾಟಬಾರದು. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಮೂತಿ ಏಳುವುದಿಲ್ಲ ಎಂಬ ನಂಬಿಕೆ ತಪ್ಪು. ನೀರು ಹಿಡಿತ ಕೊಡುತ್ತದೆ. ಗಾಲಿ ಜಾರದೆ ಗಟ್ಟಿಯಾಗಿ ಕಚ್ಚಿಕೊಂಡಾಗಲೇ ಮೂತಿ ಸುಲಭವಾಗಿ ಏಳುವುದು.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ಪ್ರವಾಸ ಹೋಗುವವರಿಗೂ ಇದೇ ತೊಡಕು. ಅಲ್ಲಿ ಟ್ರೈಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು ಎನ್ನುತ್ತಾರೆ. ಕೊಂಡಿಗೆ ಎರಡು ಸ್ಪ್ರಿಂಗ್ ಸಲಾಕೆಗಳನ್ನು ಸೇರಿಸಿ, ಅವುಗಳ ತುದಿಯನ್ನು ಟ್ರೈಲರ್‌ನ ಚೌಕಟ್ಟಿಗೆ ಸರಪಳಿಯಿಂದ ಮೇಲಕ್ಕೆ ಬಿಗಿಯುತ್ತಾರೆ. ಬಾಗಿದ ಸಲಾಕೆಗಳು ಕೊಂಡಿಯ ಭಾರದಲ್ಲಿ ಒಂದಿಷ್ಟನ್ನು ಕಾರಿನ ಮುಂದಿನ ಗಾಲಿಗೆ, ಒಂದಿಷ್ಟನ್ನು ಟ್ರೈಲರ್‌ನ ಅಚ್ಚಿಗೆ ದಾಟಿಸುತ್ತವೆ. ಎಷ್ಟು ಬಿಗಿಯಬೇಕೆಂದು ತಿಳಿಯಲು ಮುಂದಿನ ಮಡ್‌ಗಾರ್ಡಿನ ಎತ್ತರವನ್ನು ಮೂರು ಸಲ ಅಳೆಯುತ್ತಾರೆ: ಟ್ರೈಲರ್ ಇಲ್ಲದೆ, ಟ್ರೈಲರ್ ಕಟ್ಟಿ, ಸಲಾಕೆ ಬಿಗಿದ ಮೇಲೆ. ಎದ್ದ ಎತ್ತರದಲ್ಲಿ ಅರ್ಧವಾದರೂ ಇಳಿಯಬೇಕು ಎಂಬುದು ಸಾಮಾನ್ಯ ಸೂತ್ರ. ಅತಿಯಾಗಿ ಬಿಗಿದರೆ ಕಾರಿನ ಹಿಂದಿನ ಗಾಲಿ ಹಿಡಿತ ಕಳೆದುಕೊಳ್ಳುತ್ತದೆ. ಹೊಲದ ಬದು, ಹಳ್ಳ ದಾಟುವ ಟ್ರ್ಯಾಕ್ಟರ್‌ಗೆ ಆ ಸಲಾಕೆ ಒಗ್ಗದು. ಇಲ್ಲಿ ಟ್ರೈಲರ್ ಎಲ್ಲ ದಿಕ್ಕಿಗೂ ಓಲಾಡಲೇಬೇಕು. ಆದರೆ ಅವರ ಅಳತೆಯ ಕ್ರಮ ನಮಗೂ ಬೇಕು. ಸ್ಪ್ರಿಂಗ್ ಇಲ್ಲದ್ದರಿಂದ ನಾವು ಎತ್ತರದ ಬದಲು ತೂಕ ನೋಡಬೇಕು. ವೇಬ್ರಿಡ್ಜ್ ಮೇಲೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ, ಒಮ್ಮೆ ಖಾಲಿಯಾಗಿ, ಇನ್ನೊಮ್ಮೆ ಲೋಡ್ ಟ್ರೈಲರ್ ಕಟ್ಟಿಕೊಂಡು ತೂಗಿಸಿ ಚೀಟಿ ಪಡೆಯಿರಿ. ಎರಡು ಚೀಟಿಯ ವ್ಯತ್ಯಾಸವನ್ನು ಒಮ್ಮೆ ನೋಡಿದ ಡ್ರೈವರ್ ಮೂಟೆ ಜೋಡಿಸುವ ಬಗೆಯನ್ನೇ ಬದಲಿಸುತ್ತಾನೆ.

ಏರಿ ಹತ್ತುವ ಮೊದಲೇ ಲೋ ಗೇರ್ ಹಾಕಿಕೊಳ್ಳಬೇಕು, ನಡುವೆ ಬದಲಿಸಬಾರದು. ಮೂತಿ ಎದ್ದ ಕ್ಷಣ ಬ್ರೇಕಿಗಿಂತ ಮೊದಲು ಕ್ಲಚ್ ಒತ್ತಬೇಕು. ಎಳೆತ ನಿಂತರೆ ಗಾಲಿ ನೆಲಕ್ಕೆ ಬರುತ್ತದೆ. ಹೊಲದಿಂದ ರಸ್ತೆಗೆ ಬಂದೊಡನೆ ಎಡ, ಬಲದ ಎರಡು ಬ್ರೇಕ್ ಪೆಡಲ್‌ಗಳನ್ನು ಕೊಕ್ಕೆಯಿಂದ ಸೇರಿಸಿ. ಉಳುವಾಗ ತಿರುಗಲೆಂದು ಬಿಡಿಸಿದ್ದನ್ನು ಮರೆತು, ಇಳಿಜಾರಿನಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆಯುತ್ತದೆ, ಹಿಂದಿನ ಐದು ಟನ್ ಅದನ್ನು ಅಡ್ಡಕ್ಕೆ ದೂಡುತ್ತದೆ. ಇಳಿಯುವಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಹತ್ತಿದ ಗೇರಿನಲ್ಲೇ ಇಳಿಯಿರಿ.