ಜೀವಕೋಶದ ಹಸಿವೆ ಮತ್ತು ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಮಾತ್ರೆಯ ಜೊತೆಗೆ ನಡಿಗೆಯನ್ನೂ ಹೇಳುತ್ತಾರೆ. ಮಾತ್ರೆಯನ್ನು ತಪ್ಪದೆ ನುಂಗುವವರಲ್ಲಿ ಹೆಚ್ಚಿನವರು ನಡಿಗೆಯನ್ನು ಮರೆತೇಬಿಡುತ್ತಾರೆ. ನಡೆದರೆ ದೇಹದೊಳಗೆ ಆಗುವುದಾದರೂ ಏನು? ಈ ಸಲ ಅದನ್ನು ನೋಡೋಣ.

ಗದ್ದೆಗೆ ರಂಜಕದ ಗೊಬ್ಬರ ಹಾಕುವುದು ನಮಗೆಲ್ಲ ತಿಳಿದದ್ದೇ. ಅದೇ ರಂಜಕದಿಂದಾದ ಫಾಸ್ಫೇಟ್ ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಕೆಲಸವನ್ನೂ ಮಾಡುತ್ತದೆ. ಕೈನೇಸ್ ಎಂಬ ಪ್ರೋಟೀನುಗಳು ಫಾಸ್ಫೇಟನ್ನು ಇತರ ಪ್ರೋಟೀನುಗಳಿಗೆ ಅಂಟಿಸುತ್ತವೆ. ಅಂಟಿದೊಡನೆ ಅವು ಕೆಲಸ ಆರಂಭಿಸುತ್ತವೆ, ಇಲ್ಲವೇ ನಿಲ್ಲಿಸುತ್ತವೆ. ಮನುಷ್ಯರಲ್ಲಿ ಕೈನೇಸುಗಳು 500ಕ್ಕೂ ಹೆಚ್ಚಿವೆ. ಇಲ್ಲಿ ಒಂದೇ ಮನೆತನದ ಸಂಗತಿ ಸಾಕು.

ಸನ್ನದ ಹಿಟ್ಟಿಗೆ ಕಳ್ಳು ಹಾಕಿದರೆ ಉಬ್ಬುವುದು ಅದರಲ್ಲಿರುವ ಯೀಸ್ಟಿನಿಂದ. 1981ರಲ್ಲಿ ಅಮೆರಿಕದ ಮೇರಿಯನ್ ಕಾರ್ಲ್‌ಸನ್ ಮತ್ತು ಸಂಗಡಿಗರು ಕಬ್ಬಿನ ಸಕ್ಕರೆಯನ್ನು ಹುಳಿಸಲಾರದ ಯೀಸ್ಟನ್ನು ಹುಡುಕಿ ತೆಗೆದರು. ಅದರಲ್ಲಿ ಕೆಟ್ಟಿದ್ದ ಒಂದು ಜೀನಿಗೆ ಎಸ್‌ಎನ್‌ಎಫ್-1 ಎಂದು ಹೆಸರಾಯಿತು. ಆ ಜೀನಿನಿಂದ ತಯಾರಾಗುವುದು ಕೈನೇಸ್ ಎಂದು 1986ರಲ್ಲಿ ತಿಳಿಯಿತು. ಗ್ಲೂಕೋಸ್ ಮುಗಿದಾಗ ಬೇರೆ ಆಹಾರಕ್ಕೆ ಕೈಹಾಕಲು ಯೀಸ್ಟಿಗೆ ಅಪ್ಪಣೆ ಕೊಡುವುದು ಇದೇ. 1991ರಲ್ಲಿ ರೈ ಎಂಬ ಧಾನ್ಯದ ಇಂಥದೇ ಜೀನನ್ನು ಆ ಕೆಟ್ಟ ಯೀಸ್ಟಿಗೆ ಸೇರಿಸಿದಾಗ ಯೀಸ್ಟ್ ಮತ್ತೆ ಸರಿಹೋಯಿತು! ನೂರು ಕೋಟಿ ವರ್ಷಗಳಿಗೂ ಹಿಂದೆ ಬೇರೆ ಬೇರೆ ದಾರಿ ಹಿಡಿದ ಜೀವಿಗಳು ಈ ಒಂದನ್ನು ಹೆಚ್ಚು ಬದಲಿಸದೆ ಉಳಿಸಿಕೊಂಡಿವೆ. ಭತ್ತ ನೀರಿನಡಿಯಲ್ಲೂ ಮೊಳೆಯುವುದು ನಮಗೆ ಗೊತ್ತು, ಗೋಧಿಗೆ ಅದು ಆಗದು. ಅಲ್ಲಿ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವನ್ನು ಹೊರಡಿಸುವುದೂ ಇದೇ ಮನೆತನದ ಕೈನೇಸ್.

ನಮ್ಮ ದೇಹದಲ್ಲಿ ಇದರ ಹೆಸರು ಎಎಂಪಿಕೆ. ಏರು ಹತ್ತುವಾಗ, ಗುದ್ದಲಿ ಹಿಡಿದಾಗ ಮಾಂಸಖಂಡದ ಇಂಧನ ಕರಗುತ್ತದೆ. ಕೂಡಲೇ ಇದು ಎಚ್ಚೆತ್ತು, ಕೊಬ್ಬನ್ನು ಉರಿಸಲೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಲೂ ಸೂಚನೆ ಕೊಡುತ್ತದೆ. ಇನ್ಸುಲಿನ್ನಿನ ಮಾತಿಗೆ ಸರಿಯಾಗಿ ಕಿವಿಗೊಡದ ಮಾಂಸಖಂಡವೂ ದುಡಿಮೆಯ ಕರೆಗೆ ಓಗೊಡುತ್ತದೆ. ಅದಕ್ಕೆ ಎಎಂಪಿಕೆ ಒಂದು ಕಾರಣ, ಇದೊಂದೇ ಅಲ್ಲ. ಮೆಟ್‌ಫಾರ್ಮಿನ್ ಮಾತ್ರೆ ಇದನ್ನು ಎಬ್ಬಿಸುತ್ತದೆಂದು 2001ರಲ್ಲಿ ಕಂಡುಬಂತು. ಆ ಮಾತ್ರೆ ಕೆಲಸ ಮಾಡುವ ಬೇರೆ ದಾರಿಗಳೂ ಆಮೇಲೆ ತಿಳಿದವು.

ದುಡಿಮೆಯ ಗುಣ ಒಂದೆರಡು ದಿನವಿದ್ದು ಇಳಿದುಹೋಗುತ್ತದೆ. ಆದುದರಿಂದ ಭಾನುವಾರ ಒಂದೇ ದಿನ ದಣಿಯುವುದಕ್ಕಿಂತ ವಾರವಿಡೀ ಹಂಚಿ 150 ನಿಮಿಷ ಬಿರುಸಾಗಿ ನಡೆಯುವುದು ಮೇಲು. ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬಾರದು. ನಡೆಯುತ್ತೇವೆಂದು ಮಾತ್ರೆ ಬಿಡುವುದೂ ಸಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ತೋಟಕ್ಕಿಳಿಯಬಾರದು. ಕೈ ನಡುಗಿ ಬೆವರು ಒಡೆದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಲಿ.