ಆಡಲೊಲ್ಲೆನೆಂದ ಆಟಗಾರ್ತಿಯರು

ಮಂಗಳೂರಿನವರಿಗೆ ಕಾಲ್ಚೆಂಡು ಮಳೆಗಾಲದ ಆಟ. ನೆಹರೂ ಮೈದಾನದ ಹುಲ್ಲು ಕೆಸರಿನಲ್ಲಿ ಮುಳುಗಿ, ಉರುಳುವ ಚೆಂಡು ನೀರಿನ ಮಡುವಿನಲ್ಲಿ ಥಟ್ಟನೆ ನಿಂತು, ಆಡುವವರ ಅಂಗಿಯ ಬಣ್ಣವೇ ಗುರುತು ಸಿಗದಂತಾದಾಗ ಆಟಕ್ಕೆ ರಂಗೇರುತ್ತದೆ. ೨೦೨೦ರಲ್ಲಿ ಮಳೆಯೇನೋ ವಾಡಿಕೆಯಂತೆ ಬಂದಿತು; ಅದರೊಡನೆ ಬರಬೇಕಾಗಿದ್ದ ಪಂದ್ಯಗಳ ಗದ್ದಲ ಬರಲಿಲ್ಲ. ಕೊರೋನಾ ಮಹಾಮಾರಿಗೆ ಅಂಜಿ ಊರು ಕದವಿಕ್ಕಿಕೊಂಡಿದ್ದ ಕಾಲವದು. ಮಾರ್ಚಿ ತಿಂಗಳ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಕಾಯಿಲೆ ಕಸಾಲೆಗೆಲ್ಲ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಲ್ಲಿ ಕೆಲವರು ಚಿಕಿತ್ಸೆ ದೊರೆಯದೆ ತೀರಿಕೊಂಡರು. ಆ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಅಂಥ ದಿನಗಳಲ್ಲಿ ಆಟದ ಚಿಂತೆ ಯಾರಿಗೆ ಬೇಕು ಎನ್ನಿಸುವುದು ಸಹಜ. ಆದರೆ ಆಟವೇ ಅನ್ನವಾಗಿರುವವರ ಪಾಡೇನು? ಅವರು ಅಂಗಳಕ್ಕಿಳಿಯಬೇಕೆ, ಮನೆಯಲ್ಲಿ ಉಳಿಯಬೇಕೆ? ಉಳಿದರೆ ಹೊಟ್ಟೆಯ ಗತಿಯೇನು? ಮಂಗಳೂರಿನ ಮೈದಾನ ಬರಿದಾಗಿದ್ದ ಆ ಜೂನ್ ತಿಂಗಳಿನಲ್ಲಿಯೇ, ಭೂಮಂಡಲದ ಇನ್ನೊಂದು ಬದಿಯಲ್ಲಿ, ಕಾಲ್ಚೆಂಡನ್ನೇ ಕಸುಬಾಗಿ ಮಾಡಿಕೊಂಡಿದ್ದ ಸ್ತ್ರೀಯರ ಮುಂದೆ ಈ ಪ್ರಶ್ನೆ ನೇರವಾಗಿ ಬಂದು ನಿಂತಿತು.

ಮೂವರ ನಿರ್ಧಾರ

ಅಮೆರಿಕದ ವೃತ್ತಿಪರ ಮಹಿಳಾ ಕಾಲ್ಚೆಂಡಿನ ಸಂಘಟನೆಯಾದ ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್ ೨೦೨೦ರ ಮೇ ತಿಂಗಳಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಎಂದಿನ ಋತುವಿಗೆ ಬದಲಾಗಿ, ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಬಳಿ ಎಲ್ಲ ತಂಡಗಳನ್ನೂ ಕೂಡಿಸಿ, ಹೊರಗಿನವರ ಸಂಪರ್ಕವಿಲ್ಲದಂತೆ ಇರಿಸಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ ‘ಚಾಲೆಂಜ್ ಕಪ್’ ಎಂಬ ಪಂದ್ಯಾವಳಿಯನ್ನು ನಡೆಸುವುದಾಗಿ ಅದು ಸಾರಿತು. ಜೂನ್ ೨೭ರಂದು ಆರಂಭವಾದ ಈ ಪಂದ್ಯಾವಳಿಯೇ ಮಹಾಮಾರಿಯ ಅನಂತರ ಆ ದೇಶದಲ್ಲಿ ಮತ್ತೆ ಅಂಗಳಕ್ಕಿಳಿದ ಮೊಟ್ಟಮೊದಲ ವೃತ್ತಿಪರ ತಂಡ ಕ್ರೀಡೆ. ಪುರುಷರ ದೊಡ್ಡ ದೊಡ್ಡ ಲೀಗುಗಳು ಇನ್ನೂ ಕಾಯುತ್ತಿದ್ದಾಗ ಸ್ತ್ರೀಯರು ಮುಂದೆ ಹೆಜ್ಜೆಯಿಟ್ಟಿದ್ದರು.

ಆದರೆ ಆ ನಾಡಿನ ಅತಿ ಹೆಸರಾಂತ ಆಟಗಾರ್ತಿಯರಲ್ಲಿ ಕೆಲವರು ಅಲ್ಲಿಗೆ ಹೋಗಲೇ ಇಲ್ಲ. ೨೦೧೯ರ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಆಟಗಾರ್ತಿಯೆನಿಸಿ, ಅದೇ ವರ್ಷ ಬಾಲೋನ್ ದೋರ್ ಪ್ರಶಸ್ತಿಯನ್ನೂ ಪಡೆದಿದ್ದ ಮೇಗನ್ ರಪಿನೋ ತಾನು ಆಡುವುದಿಲ್ಲವೆಂದು ತನ್ನ ಕ್ಲಬ್ಬಿಗೆ ತಿಳಿಸಿದಳು. ಪೋರ್ಟ್‌ಲ್ಯಾಂಡ್ ತಂಡದ ಟೋಬಿನ್ ಹೀತ್, ಸಹ ಆಟಗಾರ್ತಿಯರೊಡನೆ ಇರುವ ಆಸೆಯಿದ್ದರೂ ರೋಗದ ಅಪಾಯವನ್ನೂ ಅನಿಶ್ಚಿತತೆಯನ್ನೂ ನೆನೆದು ಹಿಂದೆ ಸರಿಯುತ್ತಿರುವುದಾಗಿ ಹೇಳಿದಳು. ಯೂಟಾ ತಂಡದ ಕ್ರಿಸ್ಟನ್ ಪ್ರೆಸ್‌ಳದು ಇನ್ನೂ ವಿಶೇಷ. ಪಂದ್ಯಾವಳಿ ನಡೆಯುತ್ತಿದ್ದುದು ಅವಳ ಕ್ಲಬ್ಬಿನ ನೆಲದಲ್ಲಿಯೇ. ಆದರೂ ಆಕೆ ಒಲ್ಲೆನೆಂದಳು. ಈ ಮೂವರೂ ೨೦೧೫ ಮತ್ತು ೨೦೧೯ರ ವಿಶ್ವಕಪ್ಪುಗಳನ್ನು ಗೆದ್ದ ತಂಡದಲ್ಲಿದ್ದವರು. ಎದುರಾಳಿಗೆ ಹೆದರಿ ಹಿಂಜರಿದವರೆಂದು ಅವರನ್ನು ಯಾರೂ ಹಳಿಯುವಂತಿರಲಿಲ್ಲ.

ಒಲ್ಲೆನೆನ್ನಲು ಬೇಕಾದ ಬೆಂಬಲ

ವಿಶ್ವವಿಖ್ಯಾತರು ಮನೆಯಲ್ಲಿ ಕುಳಿತರೆ ಅವರಿಗೇನು ನಷ್ಟ ಎಂದು ಕೇಳಬಹುದು. ನಿಜವಾದ ಪ್ರಶ್ನೆ ಇರುವುದು ಹೆಸರು ಕೇಳರಿಯದ ಉಳಿದ ಆಟಗಾರ್ತಿಯರ ವಿಚಾರದಲ್ಲಿ. ಆ ಲೀಗಿನಲ್ಲಿ ೨೦೨೦ರ ಕನಿಷ್ಠ ವೇತನ ವರ್ಷಕ್ಕೆ ೨೦,೦೦೦ ಡಾಲರ್, ಗರಿಷ್ಠ ೫೦,೦೦೦ ಡಾಲರ್. ಅಮೆರಿಕದ ಜೀವನವೆಚ್ಚಕ್ಕೆ ಹೋಲಿಸಿದರೆ ಕನಿಷ್ಠ ವೇತನದವಳ ಬದುಕು ತಿಂಗಳ ಸಂಬಳದಿಂದ ತಿಂಗಳ ಸಂಬಳಕ್ಕೆ ನೂಕುವ ಬದುಕೇ. ಅಂಥವಳು ಒಲ್ಲೆನೆಂದರೆ ಬಾಡಿಗೆ ಕೊಡುವವರಾರು?

ಇಲ್ಲಿಯೇ ಆಟಗಾರ್ತಿಯರ ಸಂಘ ನೆರವಿಗೆ ಬಂದಿತು. ೨೦೧೭ರಲ್ಲಿ ಹುಟ್ಟಿದ್ದ ಈ ಸಂಘ ಪಂದ್ಯಾವಳಿಗೆ ಒಪ್ಪುವ ಮುನ್ನ ಕೆಲವು ಷರತ್ತುಗಳನ್ನು ಗಟ್ಟಿಮಾಡಿಕೊಂಡಿತ್ತು. ಆ ವರ್ಷದ ಸಂಬಳವೂ ವಿಮೆಯೂ ನಿಲ್ಲಬಾರದು, ಪಾಲ್ಗೊಳ್ಳಬೇಕೆಂಬ ಬಲವಂತವಿರಬಾರದು, ಮಕ್ಕಳೊಂದಿಗರಿಗೆ ತಕ್ಕ ಏರ್ಪಾಡಿರಬೇಕು. ರಪಿನೋವಿನ ಕೀರ್ತಿ ರಪಿನೋವನ್ನು ಮಾತ್ರ ಕಾಯಬಲ್ಲದು. ಈ ಷರತ್ತುಗಳಾದರೋ ತಂಡದ ಕಟ್ಟಕಡೆಯ ಆಟಗಾರ್ತಿಯನ್ನೂ ಕಾಯುವಂಥವು.

ಇದರ ಬೆಲೆಯನ್ನು ದಕ್ಷಿಣ ಕನ್ನಡದ ಮನೆಗಳಿಗೆ ವಿವರಿಸಿ ಹೇಳಬೇಕಾದುದಿಲ್ಲ. ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಗಳಿಗೆ ದೊರೆಯುವುದು ಸಾವಿರ ಬೀಡಿಗಿಷ್ಟು ಎಂಬ ಮಜೂರಿ. ೨೦೨೦ರ ದಿಗ್ಬಂಧನದಲ್ಲಿ ಎಲೆ, ತಂಬಾಕು ಬರುವುದು ನಿಂತಾಗ ಆ ಮಜೂರಿಯೂ ನಿಂತಿತು. ಕೆಲಸ ಮಾಡಿದ ದಿನಕ್ಕಷ್ಟೇ ಕೂಲಿ ಪಡೆಯುವವರಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಮಾತಿನಲ್ಲಿ ಮಾತ್ರ ಇರುತ್ತದೆ. ‘ಜೀವ ಉಳಿದರೆ ಬೆಲ್ಲ ಬೇಡಿ ತಿಂದೇನು’ ಎಂಬುದು ಗಾದೆ. ಜೀವ ಉಳಿಸಿಕೊಂಡವಳು ಬೇಡದೆ ತಿನ್ನುವಂತಾಗಬೇಕು ಎಂಬುದು ಆ ಸಂಘದ ವಾದ.

ನೂರು ವರ್ಷದ ಹಿಂದೆ

ಸೋಂಕು ಆಟದ ಅಂಗಳದಲ್ಲಿ ಏನು ಮಾಡಬಲ್ಲುದೆಂಬುದು ಹೊಸ ಪಾಠವಲ್ಲ. ಇನ್‌ಫ್ಲುಯೆಂಜಾ ಜಗತ್ತನ್ನು ಕಾಡಿದ ಕಾಲದಲ್ಲಿ, ೧೯೧೯ರ ಏಪ್ರಿಲ್ ೧ರಂದು, ಸಿಯಾಟಲ್ ನಗರದಲ್ಲಿ ನಡೆಯುತ್ತಿದ್ದ ಸ್ಟ್ಯಾನ್ಲಿ ಕಪ್ ಐಸ್ ಹಾಕಿಯ ಅಂತಿಮ ಪಂದ್ಯಗಳು ಮುಗಿಯುವ ಮುನ್ನವೇ ನಿಂತುಹೋದವು. ಮಾಂಟ್ರಿಯಲ್ ತಂಡದ ಆಟಗಾರರು ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದಿದ್ದರು. ಅವರಲ್ಲಿ ಜೋ ಹಾಲ್ ಎಂಬಾತ ಏಪ್ರಿಲ್ ೫ರಂದು ಪ್ರಾಣಬಿಟ್ಟ. ಕಪ್ಪು ಆ ವರ್ಷ ಯಾರ ಕೈಗೂ ಸೇರಲಿಲ್ಲ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಸ್ತ್ರೀಯರು ಕಾಲ್ಚೆಂಡಿನಲ್ಲಿ ಉಚ್ಛ್ರಾಯಕ್ಕೇರಿದ್ದರು. ಪ್ರೆಸ್ಟನ್ ಪಟ್ಟಣದ ಕಾರ್ಖಾನೆಯ ಹೆಂಗಸರು ಕಟ್ಟಿದ್ದ ಡಿಕ್ ಕೆರ್ ತಂಡದ ಆಟವನ್ನು ನೋಡಲು ೧೯೨೦ರ ಡಿಸೆಂಬರ್ ೨೬ರಂದು ಲಿವರ್‌ಪೂಲಿನಲ್ಲಿ ೫೩,೦೦೦ ಜನ ನೆರೆದಿದ್ದರು. ಮರುವರ್ಷವೇ ಆ ದೇಶದ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಅವರು ಕಾಲಿಡದಂತೆ ಮಾಡಿತು. ಆ ನಿಷೇಧ ಸುಮಾರು ಐವತ್ತು ವರ್ಷ ನಡೆಯಿತು. ಆಡುವ ಹಕ್ಕಿಗಾಗಿ ಅಷ್ಟು ಕಾಲ ಕಾದವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಆಡದಿರುವ ಹಕ್ಕನ್ನು ಬಳಸಿದರು. ಆಡಬೇಕೆ ಬೇಡವೆ ಎಂಬುದನ್ನು ಹಿಂದೆ ಸಂಸ್ಥೆಯ ಯಜಮಾನರು ತೀರ್ಮಾನಿಸಿದ್ದರು. ಈಗ ಆಡುವವಳೇ ತೀರ್ಮಾನಿಸಿದಳು.

ಹೋದವರೂ ಉಳಿದವರೂ

ಯೂಟಾಕ್ಕೆ ಹೊರಡಬೇಕಾಗಿದ್ದ ಒಂಬತ್ತು ತಂಡಗಳಲ್ಲಿ ಒರ್ಲ್ಯಾಂಡೋ ತಂಡ ಹೊರಡಲೇ ಇಲ್ಲ. ಆರು ಮಂದಿ ಆಟಗಾರ್ತಿಯರಿಗೂ ನಾಲ್ವರು ಸಿಬ್ಬಂದಿಗೂ ಸೋಂಕಿದೆಯೆಂದು ಪರೀಕ್ಷೆ ತಿಳಿಸಿದ್ದರಿಂದ ಜೂನ್ ೨೨ರಂದು ಇಡೀ ತಂಡವೇ ಹಿಂದೆ ಸರಿಯಿತು. ಆಡಬೇಕೆಂದು ಸಿದ್ಧರಾಗಿದ್ದವರಿಗೂ ಅವಕಾಶ ತಪ್ಪಿತು.

ಉಳಿದ ಎಂಟು ತಂಡಗಳು ಒಂದು ತಿಂಗಳು ಆಡಿದವು. ಏರ್ಪಾಡು ಬಿಗಿಯಾಗಿತ್ತು, ಕಾವಲಿನೊಳಗೆ ಸೋಂಕು ನುಸುಳಲಿಲ್ಲ. ಜುಲೈ ೨೬ರಂದು ಹ್ಯೂಸ್ಟನ್ ತಂಡ ಶಿಕಾಗೋವನ್ನು ೨-೦ ಅಂತರದಿಂದ ಸೋಲಿಸಿ ಕಪ್ಪನ್ನು ಗೆದ್ದಿತು. ಹೋದವರು ಹೋದದ್ದೂ ತಪ್ಪಾಗಲಿಲ್ಲ.

ಹಾಗಾದರೆ ಮನೆಯಲ್ಲಿ ಉಳಿದವರ ಆಟ ಅಲ್ಲಿಗೇ ಮುಗಿಯಿತೆ? ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೀತ್ ಮತ್ತು ಪ್ರೆಸ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೇರಿದರು. ೨೦೨೧ರ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಕಂಚು ಗೆದ್ದ ಅಮೆರಿಕದ ತಂಡದಲ್ಲಿ ಮೂವರೂ ಇದ್ದರು. ಆಸ್ಟ್ರೇಲಿಯದ ವಿರುದ್ಧ ೪-೩ರಲ್ಲಿ ಗೆದ್ದ ಆ ಕಂಚಿನ ಪಂದ್ಯದಲ್ಲಿ ರಪಿನೋ ಎರಡು ಗೋಲು ಹೊಡೆದಳು. ಆಗ ಅವಳ ವಯಸ್ಸು ೩೬.

ಭಾರತದ ಅಂಗಳದಲ್ಲಿ

ಭಾರತದ ಆಟಗಾರ್ತಿಯರ ಕಥೆ ಬೇರೆ. ೨೦೨೦ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಮಹಿಳಾ ಲೀಗ್ ನಡೆದಿತ್ತು; ಕರ್ನಾಟಕದ ಕಿಕ್‌ಸ್ಟಾರ್ಟ್ ತಂಡವೂ ಅದರಲ್ಲಿ ಆಡಿತ್ತು. ಅದು ಮುಗಿದ ಕೆಲವೇ ವಾರಗಳಲ್ಲಿ ದೇಶವೇ ಮುಚ್ಚಿತು. ಲೀಗ್ ಮತ್ತೆ ನಡೆದದ್ದು ೨೦೨೨ರಲ್ಲಿ, ಭುವನೇಶ್ವರದಲ್ಲಿ. ನಡುವಣ ಋತುವಿನಲ್ಲಿ ಒಲ್ಲೆನೆನ್ನುವ ಪ್ರಶ್ನೆಯೇ ಏಳಲಿಲ್ಲ. ಒಲ್ಲೆನೆನ್ನಲು ಪಂದ್ಯಾವಳಿಯಾದರೂ ಇರಬೇಕಲ್ಲ!

ಹದಿನೇಳರೊಳಗಿನ ಬಾಲಿಕೆಯರ ವಿಶ್ವಕಪ್ ೨೦೨೦ರ ನವೆಂಬರಿನಲ್ಲಿ ಭಾರತದಲ್ಲಿ ನಡೆಯಬೇಕಾಗಿತ್ತು. ಮೊದಲು ಅದನ್ನು ಮರುವರ್ಷಕ್ಕೆ ಮುಂದೂಡಿದರು. ಆ ಮೇಲೆ ರದ್ದುಪಡಿಸಿ, ೨೦೨೨ರ ಕೂಟವನ್ನು ಭಾರತಕ್ಕೆ ಕೊಟ್ಟರು. ದೇಶಕ್ಕೆ ನಷ್ಟವಾಗಲಿಲ್ಲ. ಆದರೆ ೨೦೦೩, ೨೦೦೪ರಲ್ಲಿ ಹುಟ್ಟಿ, ಸ್ವದೇಶದ ನೆಲದಲ್ಲಿ ವಿಶ್ವಕಪ್ ಆಡುವ ಕನಸು ಕಂಡು ಅಭ್ಯಾಸ ಮಾಡಿದ್ದ ಹುಡುಗಿಯರಿಗೆ ೨೦೨೨ರ ವೇಳೆಗೆ ವಯಸ್ಸು ಮೀರಿತ್ತು. ಕೂಟ ಎರಡು ವರ್ಷ ಕಾಯಬಹುದು; ಹದಿನಾರರ ಪ್ರಾಯ ಕಾಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ತಾಗುವುದು ೨೦೨೨ರ ಏಷ್ಯಾ ಕಪ್. ಮುಂಬಯಿ, ನವಿ ಮುಂಬಯಿ, ಪುಣೆಗಳಲ್ಲಿ ನಡೆದ ಈ ಕೂಟಕ್ಕೆ ಭಾರತವೇ ಆತಿಥೇಯ. ಇಲ್ಲಿ ಮೇಲುಗೈ ಸಾಧಿಸಿದರೆ ೨೦೨೩ರ ವಿಶ್ವಕಪ್ಪಿನ ಬಾಗಿಲು ತೆರೆಯುತ್ತಿತ್ತು. ಜನವರಿ ೨೦ರಂದು ಇರಾನಿನೊಡನೆ ಆಡಿದ ಪಂದ್ಯ ಗೋಲಿಲ್ಲದೆ ಸಮವಾಯಿತು. ಜನವರಿ ೨೩ರಂದು ಚೀನೀ ತೈಪೆಯನ್ನು ಎದುರಿಸಬೇಕಾಗಿದ್ದಾಗ ತಂಡದೊಳಗೆ ಸೋಂಕು ಹರಡಿತು. ನಿಯಮದಂತೆ ಅಗತ್ಯವಾಗಿದ್ದ ೧೩ ಮಂದಿಯನ್ನು ಒದಗಿಸುವುದೂ ಆಗದೆ ಪಂದ್ಯ ರದ್ದಾಯಿತು. ಭಾರತ ಕೂಟದಿಂದ ಹಿಂದೆ ಸರಿದಂತೆ ಎಂದು ಏಷ್ಯಾದ ಸಂಸ್ಥೆ ತೀರ್ಮಾನಿಸಿತು. ಇರಾನಿನೊಡನೆ ಆಡಿದ್ದ ಪಂದ್ಯವೂ ಲೆಕ್ಕದಿಂದ ಅಳಿಸಿಹೋಯಿತು.

ರಪಿನೋ ಹಿಂದೆ ಸರಿದದ್ದು ತಾನಾಗಿ. ಭಾರತದವರನ್ನು ಹಿಂದೆ ಸರಿದವರೆಂದು ಬರೆದುಕೊಂಡದ್ದು ನಿಯಮಾವಳಿ. ಎರಡಕ್ಕೂ ಕಡತದಲ್ಲಿ ಒಂದೇ ಪದ. ಎರಡರ ಹಿಂದಿನ ಬದುಕು ಬೇರೆ.

ಈ ರೋಗದ ಭೀತಿ ಹುಸಿಯೆಂದು ಹೇಳುವವರು ಕಡೂರಿನ ಕಡೆ ನೋಡಬೇಕು. ಅಲ್ಲಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ೨೦೨೧ರಲ್ಲಿ ಎರಡು ವಾರಗಳ ಅಂತರದೊಳಗೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಆಡುವವಳು ಎಳೆಯಳು, ಗಟ್ಟಿಮುಟ್ಟಾದವಳು ಎಂಬ ಧೈರ್ಯ ಸಾಲದು. ಪ್ರಯಾಣದಿಂದ ಹಿಂದಿರುಗಿ ಅವಳು ಕಾಲಿಡುವ ಮನೆಯಲ್ಲಿ ಹಿರಿಯರಿರುತ್ತಾರೆ.

ಮಗಳು ಚೆಂಡಿನ ಬೆನ್ನು ಹತ್ತಿದರೆ ಹೆಮ್ಮೆಪಡುವ ಮನೆಗಳು ಮಂಗಳೂರಿನಲ್ಲಿಯೂ ಇವೆ. ಅವಳನ್ನು ಯಾವುದಾದರೂ ಕ್ಲಬ್ಬು ಕರೆದಾಗ ತಂದೆತಾಯಂದಿರು ಸಾಮಾನ್ಯವಾಗಿ ವಿಚಾರಿಸುವುದು ಊಟ, ವಸತಿ, ಜೊತೆಗಿರುವವರಾರು ಎಂಬುದನ್ನು. ಇನ್ನು ಮೂರು ಪ್ರಶ್ನೆಗಳನ್ನು ಅದಕ್ಕೆ ಸೇರಿಸಿಕೊಳ್ಳುವುದು ಲೇಸು: ಕಾಯಿಲೆಯಾದರೆ ಆಸ್ಪತ್ರೆಯ ವೆಚ್ಚ ಯಾರದು? ಆಡದ ತಿಂಗಳ ಸಂಬಳ ಬರುತ್ತದೆಯೆ? ಅಪಾಯವೆಂದು ಕಂಡು ಅವಳು ಒಮ್ಮೆ ಒಲ್ಲೆನೆಂದರೆ, ಮರುವರ್ಷ ತಂಡದಲ್ಲಿ ಅವಳ ಸ್ಥಾನ ಉಳಿಯುತ್ತದೆಯೆ? ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಇವಕ್ಕೆ ಉತ್ತರವನ್ನು ರುಜು ಹಾಕುವ ಮುನ್ನ ಕಾಗದದ ಮೇಲೆ ಬರೆಸಿಕೊಳ್ಳಬೇಕು.