ನಾರು, ನೂಲು ಮತ್ತು ಬೆಳಕು
ಬೇಸಿಗೆಯ ಕಲಾಪ್ರದರ್ಶನಗಳ ಕುರಿತು ಕೆಲವು ಮಾತು

ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನಲ್ಲೋ ಅಜ್ಜಿ ಹೊಲಿದ ಕೌದಿಯೊಂದು ಇದ್ದೀತು. ನಮ್ಮ ಮನೆಯಲ್ಲಿಯೂ ಇತ್ತು. ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಸಾಲು ಸಾಲಾಗಿ ದಾರ ಎಳೆದು ಹೊಲಿದದ್ದು. ಅದು ಕಲೆ ಎಂದು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ತಿಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಅದನ್ನು ನಡುಮನೆಯ ಗೋಡೆಗೆ, ಪಶ್ಚಿಮದ ಕಿಟಕಿಗೆ ಎದುರಾಗಿ ತೂಗುಹಾಕಿದ್ದು. ಊರಿನಿಂದ ಬಂದ ಅವ್ವ ಅದನ್ನು ನೋಡಿ, "ತಮ್ಮಾ, ಹೊದಿಯೂದು ಬಿಟ್ಟು ಇದನ್ನ ಬಿಸಲಿಗೆ ಯಾಕ ತೂಗಹಾಕೀಯೋ?" ಎಂದಳು. ನಾನು ನಕ್ಕೆ. ಅವ್ವನ ಪ್ರಶ್ನೆಯಲ್ಲಿದ್ದ ವಿಜ್ಞಾನ ವಿಜ್ಞಾನ ಪದವೀಧರನಾದ ನನಗೇ ಹೊಳೆಯಲಿಲ್ಲ. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ.

ಬೇಸಿಗೆಯ ರಜೆ ಬಂತೆಂದರೆ ಲೋಕದ ಅನೇಕ ಕಡೆ ಸಣ್ಣ ಊರುಗಳ ಕಲಾಗ್ಯಾಲರಿಗಳು ಚುರುಕಾಗುತ್ತವೆ. ಮಕ್ಕಳಿಗೆ ಶಾಲೆಯಿಲ್ಲ, ದೊಡ್ಡವರಿಗೆ ಸ್ವಲ್ಪ ಬಿಡುವು. ಹೊರಗಿನ ಬಿಸಿಲಿನಿಂದ ತಪ್ಪಿಸಿಕೊಂಡು ಒಂದು ಗಂಟೆ ತಂಪಾದ ಕೋಣೆಯಲ್ಲಿ ಕಳೆಯುವ ಆಸೆಯೂ ಸೇರಿಕೊಳ್ಳುತ್ತದೆ. ಇಂಥ ಪ್ರದರ್ಶನಗಳಲ್ಲಿ ಇತ್ತೀಚಿನ ದಶಕಗಳಲ್ಲಿ ತನ್ನದೇ ಸ್ಥಾನ ಗಳಿಸಿಕೊಂಡಿರುವುದು ನಾರಿನ ಕಲೆ.

ನಾರಿನ ಕಲೆ ಎಂದರೇನು? ಹತ್ತಿ, ಉಣ್ಣೆ, ರೇಷ್ಮೆ, ಸೆಣಬು, ಹುಲ್ಲು ಮುಂತಾದ ಎಳೆಗಳನ್ನು ನೇಯ್ದು, ಹೆಣೆದು, ಗಂಟು ಹಾಕಿ ಅಥವಾ ಹೊಲಿದು ಮಾಡಿದ ಕೃತಿ. ಉಡಲು, ಹೊದೆಯಲು ಮಾಡಿದ್ದಲ್ಲ. ನೋಡಲು, ಯೋಚಿಸಲು ಮಾಡಿದ್ದು. ಚಿತ್ರಕಾರನಿಗೆ ಬಣ್ಣ, ಶಿಲ್ಪಿಗೆ ಕಲ್ಲು ಇದ್ದಂತೆ ಈ ಕಲಾವಿದರಿಗೆ ಎಳೆ. ಬಹುಕಾಲ ಇದನ್ನು 'ಕರಕುಶಲ' ಎಂದು ಕರೆದು ಬೇರೆ ಕೋಣೆಯಲ್ಲಿಡುತ್ತಿದ್ದರು. ಮಾಡುವವರಲ್ಲಿ ಹೆಂಗಸರೇ ಹೆಚ್ಚು ಎಂಬುದೂ, ಅದು ಮನೆಗೆಲಸದ ಮುಂದುವರಿಕೆ ಎಂಬ ಭಾವನೆಯೂ ಇದಕ್ಕೆ ಕಾರಣ. 1960ರ ದಶಕದಿಂದೀಚೆಗೆ ಈ ಗೋಡೆ ನಿಧಾನವಾಗಿ ಕುಸಿಯುತ್ತಾ ಬಂದಿದೆ.

ಒಂದು ಉದಾಹರಣೆಗಾಗಿ ಆಸ್ಟ್ರೇಲಿಯಕ್ಕೆ ಹೋಗೋಣ. ಅಲ್ಲಿ ಬೇಸಿಗೆ ನಮ್ಮ ಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆ ದೇಶದಲ್ಲಿ ರಾಜಧಾನಿಗಳಿಂದ ದೂರದ ಊರುಗಳಲ್ಲಿಯೂ 'ಪ್ರಾದೇಶಿಕ ಗ್ಯಾಲರಿ'ಗಳಿವೆ. ವಿಕ್ಟೋರಿಯ ರಾಜ್ಯದ ಅರರಾಟ್ ಕುರಿಗಳ ಸೀಮೆ. ಅಲ್ಲಿಯ ಗ್ಯಾಲರಿ 1970ರ ದಶಕದಿಂದಲೇ ಜವಳಿ ಮತ್ತು ನಾರಿನ ಕೃತಿಗಳನ್ನು ವಿಶೇಷವಾಗಿ ಸಂಗ್ರಹಿಸುತ್ತಾ ಬಂದಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಟ್ಯಾಮ್‌ವರ್ತ್ ಗ್ಯಾಲರಿಯೂ ಹಾಗೆಯೇ. ಮೂರು ವರ್ಷಗಳಿಗೊಮ್ಮೆ ಎಂಬ ಲೆಕ್ಕದ ಅಲ್ಲಿಯ ಜವಳಿ ಕಲಾಪ್ರದರ್ಶನ 2011ರಲ್ಲಿ ಆರಂಭವಾಯಿತು. ಆಯ್ದ ಕೃತಿಗಳು ಆಮೇಲೆ ಬೇರೆ ಊರುಗಳ ಗ್ಯಾಲರಿಗಳಿಗೂ ಪ್ರವಾಸ ಹೋಗುತ್ತವೆ. ಸಣ್ಣ ಊರೊಂದು ಎಲ್ಲವನ್ನೂ ಸಂಗ್ರಹಿಸಲು ಹೋಗದೆ ಒಂದೇ ವಿಷಯವನ್ನು ಹಿಡಿದು ದಶಕಗಳ ಕಾಲ ಬಿಡದೆ ನಡೆದರೆ ದೇಶವೇ ಅತ್ತ ತಿರುಗಿ ನೋಡುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಆ ದೇಶದ ನಡುವಿನ ಮರುಭೂಮಿಯ ಮೂಲನಿವಾಸಿ ಮಹಿಳೆಯರ ಕಥೆ ಇನ್ನೂ ಸ್ವಾರಸ್ಯದ್ದು. 1995ರಲ್ಲಿ ಅವರ ಮಹಿಳಾ ಮಂಡಳಿಯೊಂದು ಬುಟ್ಟಿ ಹೆಣೆಯುವ ಶಿಬಿರಗಳನ್ನು ನಡೆಸಿತು. ಊರಲ್ಲೇ ಇದ್ದು ನಾಲ್ಕು ಕಾಸು ಸಂಪಾದಿಸಲು ಹೆಂಗಸರಿಗೆ ದಾರಿಯಾಗಲಿ ಎಂಬುದು ಉದ್ದೇಶ. ಹೀಗೆ ಹುಟ್ಟಿದ ಸಂಸ್ಥೆಯ ಹೆಸರು 'ಜಾನ್‌ಪಿ'. ಅವರ ಭಾಷೆಯಲ್ಲಿ ಹಾಗೆಂದರೆ ಹುಲ್ಲು. ಬುಟ್ಟಿಯಿಂದ ಹಕ್ಕಿ, ಹಕ್ಕಿಯಿಂದ ನಾಯಿ, ಹೀಗೆ ಆಕಾರಗಳು ಬೆಳೆದವು. 2005ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಊರಿನ ಮಹಿಳೆಯರು ನಿಜವಾದ ಮೋಟಾರಿನಷ್ಟೇ ದೊಡ್ಡದಾದ ಒಂದು ಟೊಯೊಟಾ ವಾಹನವನ್ನು ಹುಲ್ಲಿನಿಂದ ಹೆಣೆದರು! ಒಳಗೆ ಉಕ್ಕು ಮತ್ತು ತಂತಿಜಾಲರಿಯ ಚೌಕಟ್ಟು, ಹೊರಗೆ ಮರುಭೂಮಿಯ ಹುಲ್ಲು. ಅದಕ್ಕೆ ಆ ವರ್ಷದ ರಾಷ್ಟ್ರೀಯ ಮೂಲನಿವಾಸಿ ಕಲಾ ಪ್ರಶಸ್ತಿ ಬಂತು. ಮೋಟಾರು ಏಕೆ ಎಂದು ಕೇಳುತ್ತೀರಾ? ನೂರಾರು ಮೈಲಿ ದೂರದ ಬಂಧುಗಳ ಬಳಿಗೆ, ಆಸ್ಪತ್ರೆಗೆ, ಹುಲ್ಲು ಸಿಗುವ ಜಾಗಕ್ಕೆ ಹೋಗಲು ಆ ನೆಲದಲ್ಲಿ ಅದೇ ಜೀವನಾಡಿ. ಹೆಣಿಗೆ ಹಳೆಯದಾದರೂ ಕಲಾವಿದೆಯರು ತಾವು ಬದುಕುತ್ತಿರುವ ಕಾಲವನ್ನೇ ಹೆಣೆದರು.

ನಮ್ಮ ದೇಶದಲ್ಲಿಯೂ ಈ ದಾರಿಯನ್ನು ತುಳಿದವರಿದ್ದಾರೆ. ಮೃಣಾಲಿನಿ ಮುಖರ್ಜಿ (1949-2015) ಮುಂಬಯಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಕೆ. ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತವರು. ಪೇಟೆಯಲ್ಲಿ ಸಿಗುವ ಸೆಣಬಿನ ಹುರಿಗೆ ಬಣ್ಣ ಕೊಟ್ಟು, ಗಂಟಿನ ಮೇಲೆ ಗಂಟು ಹಾಕುತ್ತಾ ಆಳೆತ್ತರದ ಆಕೃತಿಗಳನ್ನು ನಿರ್ಮಿಸಿದರು. ಮೊದಲೇ ನಕ್ಷೆ ಬರೆದುಕೊಳ್ಳುವ ಪದ್ಧತಿ ಅವರದಲ್ಲ. ಒಂದು ಗಂಟು ಮುಂದಿನ ಗಂಟಿಗೆ ದಾರಿ ತೋರಿಸಬೇಕು. 'ಯಕ್ಷಿ'ಯಂತಹ ಕೃತಿಗಳ ಮುಂದೆ ನಿಂತರೆ ಅದು ದೇವತೆಯೋ, ಗಿಡವೋ, ಅರಳುತ್ತಿರುವ ಹೂವೋ ಎಂದು ಹೇಳುವುದು ಕಷ್ಟ. 1986ರಲ್ಲಿ ಅವರ ಕೃತಿಗಳು ಸಿಡ್ನಿಯ ದ್ವೈವಾರ್ಷಿಕ ಪ್ರದರ್ಶನದಲ್ಲಿದ್ದವು. 2015ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನ ತೆರೆಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. 2019ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರವೂ ಅವರ ಕೃತಿಗಳನ್ನು ಕಂಡಿತು.

ಮುಂಬಯಿಯ ಮೋನಿಕಾ ಕೊರಿಯ ಅವರದು ಬೇರೆ ದಾರಿ. ಅವರು ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಒಲಿದದ್ದು ಮಗ್ಗ. ಹಾಸಿನ ಎಳೆಗಳನ್ನು ನೇರ ಸಾಲಿನಲ್ಲಿ ಹಿಡಿದಿಡುವುದು ಮಗ್ಗದ ಹಣಿಗೆ. ನೇಯ್ಗೆಯ ನಡುವೆ ಅವರು ಆ ಹಣಿಗೆಯನ್ನೇ ತೆಗೆದುಬಿಡುತ್ತಾರೆ. ಆಗ ಎಳೆಗಳು ಅತ್ತಿತ್ತ ಬಾಗಿ, ನದಿಯಂತೆ ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ. 'ಹಾಸುಹೊಕ್ಕು' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಹಾಸು ಮತ್ತು ಹೊಕ್ಕು ಒಂದಕ್ಕೊಂದು ಎಷ್ಟು ಕಟ್ಟುಬೀಳಬೇಕು, ಎಷ್ಟು ಸ್ವತಂತ್ರವಾಗಿರಬೇಕು ಎಂಬ ಪ್ರಶ್ನೆಯನ್ನು ಇಂಥ ಕೃತಿ ಕಣ್ಣಿಗೇ ಕಾಣಿಸುತ್ತದೆ.

ಈಗ ಬೆಳಕಿನ ವಿಚಾರ. ನಾರಿನ ಪ್ರದರ್ಶನಕ್ಕೆ ಹೋದವರ ಸಾಮಾನ್ಯ ದೂರು, "ಕೋಣೆ ಮಬ್ಬಾಗಿದೆ, ಏನೂ ಸರಿಯಾಗಿ ಕಾಣುವುದಿಲ್ಲ" ಎಂಬುದು. ಅದು ಜಿಪುಣತನವಲ್ಲ. ಹತ್ತಿ, ಸೆಣಬು, ಹುಲ್ಲುಗಳಲ್ಲಿರುವುದು ಸೆಲ್ಯುಲೋಸ್. ಉಣ್ಣೆ, ರೇಷ್ಮೆಗಳಲ್ಲಿರುವುದು ಪ್ರೋಟೀನು. ಬೆಳಕು, ಅದರಲ್ಲೂ ನೇರಳಾತೀತ ಕಿರಣ, ಇವುಗಳ ಅಣುಸರಪಳಿಯನ್ನು ಕಡಿಯುತ್ತದೆ. ಬಣ್ಣ ಮಾಸುತ್ತದೆ, ಎಳೆ ಪೆಡಸಾಗುತ್ತದೆ. ಈ ಹಾನಿ ಕೂಡುತ್ತಾ ಹೋಗುವಂಥದ್ದು. ಕತ್ತಲಲ್ಲಿಟ್ಟರೆ ಮುಂದಿನ ಹಾನಿ ನಿಲ್ಲುತ್ತದೆ, ಆದ ಹಾನಿ ಹಿಂದಿರುಗುವುದಿಲ್ಲ. ಆದ್ದರಿಂದ ಜವಳಿಯ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ ಮೀರಬಾರದೆಂಬುದು ಗ್ಯಾಲರಿಗಳ ರೂಢಿ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ದಿನಕ್ಕೆ 8 ಗಂಟೆಯಂತೆ 90 ದಿನ, 50 ಲಕ್ಸ್ ಬೆಳಕು. ಒಟ್ಟು 36,000 ಲಕ್ಸ್-ಗಂಟೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅಂದರೆ ಮೂರು ತಿಂಗಳ ಪ್ರದರ್ಶನದಲ್ಲಿ ಬೀಳುವ ಬೆಳಕು ಬಿಸಿಲಲ್ಲಿ 22 ನಿಮಿಷದಲ್ಲೇ ಬಿದ್ದುಬಿಡುತ್ತದೆ! ನಮ್ಮ ಚಿತ್ರೀಕರಣದ ದೀಪಗಳೂ ನಿರಪರಾಧಿಗಳಲ್ಲ. 2,000 ಲಕ್ಸ್ ಬೆಳಕು ಚೆಲ್ಲಿ ಒಂದು ಗಂಟೆ ಚಿತ್ರಿಸಿದರೆ ಕೃತಿಯ ಆಯುಷ್ಯದಿಂದ ಐದು ದಿನಗಳ ಪ್ರದರ್ಶನವನ್ನು ಕಳೆದಂತೆ.

ಬೆಳಕೊಂದೇ ಅಲ್ಲ, ಬೇರೆ ಶತ್ರುಗಳೂ ಇವೆ. ತೇವ ಏರಿಳಿದರೆ ನಾರು ಹಿಗ್ಗಿ ಕುಗ್ಗಿ ಸೋಲುತ್ತದೆ. ತೂಗುಹಾಕಿದ ಕೃತಿ ತನ್ನ ಭಾರಕ್ಕೇ ಜೋಲುತ್ತದೆ. ಉಣ್ಣೆಗೆ ನುಸಿ ಬೀಳುತ್ತದೆ. ವಿಷ ಸಿಂಪಡಿಸುವ ಬದಲು ಕೃತಿಯನ್ನು ಚೀಲದಲ್ಲಿ ಬಿಗಿದು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ವಾರಕ್ಕೂ ಹೆಚ್ಚು ಕಾಲ ಇಟ್ಟು ಹುಳುಗಳನ್ನು ಕೊಲ್ಲುವುದು ಈಗಿನ ಕ್ರಮ. ಇನ್ನು ಬೆರಳಿನ ಬೆವರು, ಎಣ್ಣೆ. 'ಮುಟ್ಟಬೇಡಿ' ಎಂಬ ಫಲಕವನ್ನು ಕಂಡಾಗ ಇದು ನೆನಪಿರಲಿ. ಮುಟ್ಟಬೇಕೆನ್ನಿಸುವುದೇ ನಾರಿನ ಗುಣ. ಆ ಆಸೆಯನ್ನು ಕಣ್ಣಿಗೆ ವರ್ಗಾಯಿಸುವುದೇ ನೋಡುವ ಕಲೆ.

ಹಾಗಾದರೆ ನೋಡುವುದು ಹೇಗೆ? ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ, ಕಣ್ಣು ಮಬ್ಬಿಗೆ ಹೊಂದಿಕೊಳ್ಳಲಿ. ಮೊದಲು ದೂರದಿಂದ ಆಕಾರವನ್ನು, ಆಮೇಲೆ ಹತ್ತಿರದಿಂದ ಒಂದೇ ಒಂದು ಗಂಟನ್ನು ನೋಡಿ. ಸಾಧ್ಯವಿದ್ದರೆ ಹಿಂಬದಿಯನ್ನೂ ನೋಡಿ. ಮಾಡಿದವರ ಕೈ ಅಲ್ಲಿ ಹೆಚ್ಚು ನಿಜವಾಗಿ ಕಾಣುತ್ತದೆ. ಇದಕ್ಕೆ ಎಷ್ಟು ದಿನ ಹಿಡಿದಿರಬೇಕು ಎಂದು ಜೊತೆಗಿರುವ ಮಗುವನ್ನು ಕೇಳಿ. ಮನೆಯಲ್ಲಿ ಹೊಲಿಗೆ, ಹೆಣಿಗೆ ಬಲ್ಲ ಹಿರಿಯರಿದ್ದರೆ ತಪ್ಪದೆ ಕರೆದುಕೊಂಡು ಹೋಗಿ. ನಮಗೆ ಕಾಣದ ಎಷ್ಟೋ ಸಂಗತಿಗಳು ಅವರಿಗೆ ಕಾಣುತ್ತವೆ.

ಇನ್ನು ನಮ್ಮ ಕೌದಿಯ ಕಥೆ. ಮೂರು ವರ್ಷದ ಮೇಲೆ ಸುಣ್ಣ ಬಳಿಸಲೆಂದು ಅದನ್ನು ಗೋಡೆಯಿಂದ ಇಳಿಸಿದೆ. ಹಿಂಬದಿಯಲ್ಲಿ ಅಜ್ಜಿಯ ಸೀರೆಯ ಕೆಂಪು ಇದ್ದ ಹಾಗೇ ಇತ್ತು. ಮುಂಬದಿಯಲ್ಲಿ ಅದು ಒಣಗಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಿಸಿಲು ಬೀಳುತ್ತಿದ್ದ ಮೂಲೆಯಲ್ಲಿ ಬೆರಳು ತಾಗಿದರೆ ಬಟ್ಟೆ ಪಿಸಿಯುತ್ತಿತ್ತು. ಅಜ್ಜಿ ನಲವತ್ತು ವರ್ಷ ಹೊದ್ದು, ಒಗೆದು ಬಳಸಿದಾಗಲೂ ಉಳಿದಿದ್ದನ್ನು ನಾನು ಮೂರು ವರ್ಷ ಗೌರವಿಸಿ ಹಾಳುಮಾಡಿದ್ದೆ.

ಈಗ ಅದು ಒಗೆದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಡಿಕೆ ಬೀಳದಂತೆ ಸುರುಳಿಯಾಗಿ ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ಬೇಸಿಗೆಯ ರಜೆಯಲ್ಲಿ ಬಿಚ್ಚಿ, ನೆರಳಿನಲ್ಲಿ ಹಾಸಿ, ಮಕ್ಕಳಿಗೆ ತೋರಿಸುತ್ತೇವೆ. ಯಾವ ತುಂಡು ಯಾರ ಬಟ್ಟೆಯದೆಂದು ಅವ್ವ ಹೇಳುತ್ತಾಳೆ. ನಮ್ಮ ಮನೆಯ ಬೇಸಿಗೆ ಪ್ರದರ್ಶನ ಅದೇ. ನಿಮ್ಮ ಟ್ರಂಕನ್ನೂ ಈ ಬೇಸಿಗೆಯಲ್ಲಿ ಒಮ್ಮೆ ತೆರೆದು ನೋಡಿ. ಆದರೆ ಮೊದಲು ಕಿಟಕಿಯ ಪರದೆ ಎಳೆಯಿರಿ.